ಸ್ತನದ ಗಡ್ಡೆಯ ರಿಪೋರ್ಟ್ ಒಂದು, ಕಂಕುಳ ಗಂಟಿನದು ಇನ್ನೊಂದು

ಸ್ತನದ ಗಡ್ಡೆಯಲ್ಲಿ ಹರ್2 (ಕೋಶದ ಬೆಳವಣಿಗೆಯನ್ನು ಪ್ರಚೋದಿಸುವ ಒಂದು ಪ್ರೋಟೀನ್) ನೆಗೆಟಿವ್, ಅದೇ ಮಹಿಳೆಯ ಕಂಕುಳಿನ ಲಿಂಫ್ ನೋಡ್‌ನಲ್ಲಿ (ದುಗ್ಧಗ್ರಂಥಿ) ಪಾಸಿಟಿವ್. ಇಂಥ ರಿಪೋರ್ಟ್ ನೋಡಿದವರಿಗೆ ಮೊದಲು ಹೊಳೆಯುವುದು, ಹರಡುವಾಗ ಕ್ಯಾನ್ಸರ್ ಗುಣ ಬದಲಿಸಿಕೊಂಡಿದೆ ಎಂದು. ಕೆಲವೊಮ್ಮೆ ಅದು ನಿಜವೂ ಹೌದು. ಆದರೆ ಈ ಹೋಲಿಕೆ ನಡೆದುಬಂದ ದಾರಿ ಗೊತ್ತಿದ್ದವರು ಮೊದಲು ಅಳತೆಯನ್ನು ಅನುಮಾನಿಸುತ್ತಾರೆ.

ಅಂಡಾಶಯ ತೆಗೆದರೆ ಕೆಲವರ ಸ್ತನ ಕ್ಯಾನ್ಸರ್ ಕುಗ್ಗುತ್ತದೆ ಎಂದು ಗ್ಲಾಸ್ಗೋದ ಜಾರ್ಜ್ ಬೀಟ್ಸನ್ 1896ರಲ್ಲೇ ವರದಿ ಮಾಡಿದ್ದರು. ಎಲ್ಲರಿಗೂ ಏಕಿಲ್ಲ ಎಂಬುದಕ್ಕೆ ಉತ್ತರ ಸಿಗತೊಡಗಿದ್ದು 1950ರ ದಶಕದ ಕೊನೆಯಲ್ಲಿ, ಶಿಕಾಗೋದ ಎಲ್ವುಡ್ ಜೆನ್ಸನ್, ಅಂಡಾಶಯದಿಂದ ಬರುವ ಈಸ್ಟ್ರೋಜನ್ ಹಾರ್ಮೋನನ್ನು ಕೋಶದಲ್ಲಿ ಹಿಡಿದುಕೊಳ್ಳುವ ಪ್ರೋಟೀನನ್ನು, ಅಂದರೆ ಈಸ್ಟ್ರೋಜನ್ ರಿಸೆಪ್ಟರ್ (ಇಆರ್) ಅನ್ನು, ಪತ್ತೆ ಮಾಡಿದ ಮೇಲೆ. 1970ರ ದಶಕದಲ್ಲಿ ಇಆರ್ ಅಳೆಯುತ್ತಿದ್ದ ಬಗೆ ಹೀಗಿತ್ತು: ಹಸಿ ಗಡ್ಡೆಯನ್ನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಪುಡಿಮಾಡಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ತಿಳಿಯನ್ನು ಬೇರ್ಪಡಿಸಿ, ಅದಕ್ಕೆ ವಿಕಿರಣಶೀಲ ಎಸ್ಟ್ರಡಯಾಲ್ (ಒಂದು ಬಗೆಯ ಈಸ್ಟ್ರೋಜನ್) ಬೆರೆಸುವುದು, ರಿಸೆಪ್ಟರ್‌ಗೆ ಅಂಟದೆ ಉಳಿದದ್ದನ್ನು ಇದ್ದಿಲಿನಿಂದ ಹೀರಿ ತೆಗೆಯುವುದು. ಪ್ರತಿ ಮಿಲಿಗ್ರಾಂ ಪ್ರೋಟೀನ್‌ಗೆ 10 ಫೆಮ್ಟೋಮೋಲ್ ದಾಟಿದರೆ ಸಾಮಾನ್ಯವಾಗಿ ಪಾಸಿಟಿವ್ ಎನ್ನುತ್ತಿದ್ದರು.

ಲಿಂಫ್ ನೋಡ್‌ನ ಮಟ್ಟಿಗೆ ತೊಡಕು ಇದ್ದದ್ದು ಇಲ್ಲೇ. ರುಬ್ಬಿದ ಮೇಲೆ ಕ್ಯಾನ್ಸರ್ ಕೋಶ ಯಾವುದು, ನೋಡ್‌ನಲ್ಲಿ ಸಹಜವಾಗಿಯೇ ಇರುವ ಬಿಳಿ ರಕ್ತಕೋಶ, ಅಂದರೆ ಲಿಂಫೋಸೈಟ್, ಯಾವುದು ಎಂದು ಹೇಳುವುದು ಹೇಗೆ? ನೋಡ್‌ನ ಅರ್ಧಭಾಗ ಲಿಂಫೋಸೈಟ್ ಆಗಿದ್ದರೆ ಅವುಗಳ ಪ್ರೋಟೀನೂ ಲೆಕ್ಕಕ್ಕೆ ಸೇರಿ ಇಆರ್ ಅಂಕಿ ಇಳಿಯುತ್ತಿತ್ತು. ಕ್ಯಾನ್ಸರ್ ಬದಲಾಗದಿದ್ದರೂ ರಿಪೋರ್ಟ್ ನೆಗೆಟಿವ್ ಆಗಬಹುದಿತ್ತು.

1980ರಲ್ಲಿ ಇಆರ್ ಅನ್ನೇ ಗುರುತಿಸಿ ಅಂಟಿಕೊಳ್ಳುವ ಮಾನೋಕ್ಲೋನಲ್ ಆಂಟಿಬಾಡಿಗಳು ಬಂದವು. 1991ರಲ್ಲಿ ಫಾರ್ಮಲಿನ್‌ನಲ್ಲಿಟ್ಟ (ಅಂಗಾಂಶ ಕೆಡದಂತೆ ಕಾಪಾಡುವ ದ್ರಾವಣ) ಅಂಗಾಂಶವನ್ನು ಮೈಕ್ರೋವೇವ್‌ನಲ್ಲಿ ಬಿಸಿಮಾಡಿ ಆ್ಯಂಟಿಜೆನ್, ಅಂದರೆ ಆಂಟಿಬಾಡಿ ಅಂಟಬೇಕಾದ ಭಾಗ, ಮರಳಿಸುವ ವಿಧಾನ ಪ್ರಕಟವಾಯಿತು. ಅಲ್ಲಿಂದ ಮುಂದೆ ಅಂಗಾಂಶವನ್ನು ಮೇಣದಲ್ಲಿ ಕೂರಿಸಿಟ್ಟ ಹಳೆಯ ಪ್ಯಾರಾಫಿನ್ ಬ್ಲಾಕ್‌ನಿಂದಲೂ ತೆಳುವಾದ ಪೊರೆ ಕೊಯ್ದು, ಆಂಟಿಬಾಡಿ ಅಂಟಿ ಬಣ್ಣ ಬಂದದ್ದು ಯಾವ ಕೋಶಕ್ಕೆ ಎಂದು ಕಣ್ಣಾರೆ ನೋಡುವುದು ಸುಲಭವಾಯಿತು. ನಡುವೆ 1987ರಲ್ಲಿ ಡೆನ್ನಿಸ್ ಸ್ಲೇಮನ್ ತಂಡ, ಲಿಂಫ್ ನೋಡ್‌ಗೆ ಹರಡಿದವರಲ್ಲಿ ಹರ್2 ಜೀನ್‌ನ ಪ್ರತಿಗಳು ಹೆಚ್ಚಿದ್ದರೆ ರೋಗ ಬೇಗ ಮರುಕಳಿಸುತ್ತದೆ ಎಂದು ತೋರಿಸಿತು. 1998ರಲ್ಲಿ ಹರ್2 ಅನ್ನು ಗುರಿಯಾಗಿಸುವ ಔಷಧ ಟ್ರಾಸ್ಟುಜುಮಾಬ್‌ಗೆ ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿತು. ಎರಡು ರಿಪೋರ್ಟ್‌ಗಳ ನಡುವಿನ ವ್ಯತ್ಯಾಸಕ್ಕೆ ಔಷಧದ ತೂಕ ಬಂದದ್ದು ಆಗ.

ಬಣ್ಣದ ವಿಧಾನಕ್ಕೂ ತನ್ನದೇ ಮೋಸಗಳಿವೆ. ಫಾರ್ಮಲಿನ್ ಗಂಟೆಗೆ ಸುಮಾರು 1 ಮಿ.ಮೀ.ಯಷ್ಟೇ ಒಳಗಿಳಿಯುತ್ತದೆ. ತಾಲ್ಲೂಕು ಕೇಂದ್ರದಲ್ಲಿ ಶನಿವಾರ ಆಪರೇಷನ್ ಆಗಿ, ಸ್ತನವನ್ನು ಸೀಳದೆ ಇಡಿಯಾಗಿ ಡಬ್ಬಿಗೆ ಹಾಕಿ, ಸೋಮವಾರ ಬೆಂಗಳೂರಿನ ಲ್ಯಾಬ್‌ಗೆ ತಲುಪಿಸಿದರೆ ಗಡ್ಡೆಯ ನಡುಭಾಗ ಅಷ್ಟರಲ್ಲಿ ಕೆಡತೊಡಗಿರುತ್ತದೆ; ಪುಟ್ಟ ನೋಡ್ ಮಾತ್ರ ಚೆನ್ನಾಗಿರುತ್ತದೆ. ಆಗ ಸ್ತನದಲ್ಲಿ ಇಆರ್ ನೆಗೆಟಿವ್, ನೋಡ್‌ನಲ್ಲಿ ಪಾಸಿಟಿವ್! ಗಡ್ಡೆ ಒಂದು ಗಂಟೆಯೊಳಗೆ ಸೀಳಿ ಫಾರ್ಮಲಿನ್‌ಗೆ ಬೀಳಬೇಕು, ಅದರಲ್ಲಿ 6ರಿಂದ 72 ಗಂಟೆ ಇರಬೇಕು ಎಂಬ ನಿಯಮದ ಹಿಂದಿರುವುದು ಇದೇ ಭಯ.

ಇನ್ನೊಂದು ಮೋಸ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಸ್ತನದ ಸ್ಲೈಡ್‌ನಲ್ಲಿ ಪಕ್ಕದ ಆರೋಗ್ಯಕರ ನಾಳಗಳಿಗೆ ಇಆರ್ ಬಣ್ಣ ಬಂದಿದ್ದರೆ ಪರೀಕ್ಷೆ ಸರಿಯಾಗಿದೆ ಎಂದು ನಂಬಬಹುದು. ಲಿಂಫ್ ನೋಡ್‌ನಲ್ಲಿ ಆ ಸಾಕ್ಷಿಯೇ ಇಲ್ಲ. ವಿಭಜನೆಯಲ್ಲಿ ತೊಡಗಿದ ಕೋಶಗಳನ್ನು ತೋರಿಸುವ ಕೆಐ-67 ಪರೀಕ್ಷೆಯಲ್ಲಿ ತಲೆನೋವು ತದ್ವಿರುದ್ಧ: ಲಿಂಫೋಸೈಟ್‌ಗಳು ಬೇಗ ಬೇಗ ವಿಭಜನೆಯಾಗುವ ತಾಣಗಳಾದ ನೋಡ್‌ನ ಜರ್ಮಿನಲ್ ಸೆಂಟರ್‌ಗಳು ತಾವೇ ದಟ್ಟವಾಗಿ ಬಣ್ಣ ಹಿಡಿಯುತ್ತವೆ. ಆ ಲಿಂಫೋಸೈಟ್‌ಗಳನ್ನು ಎಣಿಸಿಬಿಟ್ಟರೆ ಶಾಂತವಾದ ಕ್ಯಾನ್ಸರೂ ಉಗ್ರವಾಗಿ ಕಾಣುತ್ತದೆ.

ಇವೆಲ್ಲ ಕಳೆದ ಮೇಲೂ ನಿಜವಾದ ವ್ಯತ್ಯಾಸ ಉಳಿಯುತ್ತದೆ. ದೂರದ ಅಂಗಗಳಿಗೆ ಹರಡಿದ ರೋಗದ ಬಗ್ಗೆ 2018ರಲ್ಲಿ ಬಂದ ದೊಡ್ಡ ವಿಶ್ಲೇಷಣೆಯಲ್ಲಿ ಇಆರ್ ಸುಮಾರು 19%, ಪಿಆರ್ (ಪ್ರೊಜೆಸ್ಟರಾನ್ ರಿಸೆಪ್ಟರ್) 31%, ಹರ್2 10% ಪ್ರಕರಣಗಳಲ್ಲಿ ಬದಲಾಗಿತ್ತು. ಅದೇ ಆಪರೇಷನ್‌ನಲ್ಲಿ ತೆಗೆದ ಕಂಕುಳ ನೋಡ್‌ನಲ್ಲಿ, ನಡುವೆ ಕೀಮೋ ಆಗಿರದಿದ್ದರೆ, ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ. ಹರ್2 ಬಣ್ಣಕ್ಕೆ 0ಯಿಂದ 3+ವರೆಗೆ ಅಂಕ ಕೊಡುತ್ತಾರೆ, 3+ ಎಂದರೆ ಪಾಸಿಟಿವ್; ಅದು ನೋಡ್‌ನಲ್ಲಷ್ಟೇ 3+ ಬಂದರೆ ಸ್ತನವನ್ನು ಮತ್ತೆ ಹುಡುಕಬೇಕು. ಎರಡನೇ ಪುಟ್ಟ ಗಡ್ಡೆಯೊಂದು ಅಲ್ಲಿ ಅಡಗಿದ್ದು, ನೋಡ್‌ಗೆ ಹೋದದ್ದು ಅದೇ ಆಗಿರಬಹುದು.

ನಂಬಬಹುದಾದ ಹೋಲಿಕೆಗೆ ಎರಡೂ ಅಂಗಾಂಶಗಳ ಪೊರೆಯನ್ನು ಒಂದೇ ಸ್ಲೈಡ್ ಮೇಲಿಟ್ಟು, ಒಂದೇ ಆಂಟಿಬಾಡಿಯಿಂದ ಒಂದೇ ಸರದಿಯಲ್ಲಿ ಬಣ್ಣ ಹಾಕಬೇಕು. ವ್ಯತ್ಯಾಸ ಕಂಡರೆ ಸ್ತನದ ಇನ್ನೊಂದು ಬ್ಲಾಕ್ ಮೇಲೆ ಮರುಪರೀಕ್ಷೆ. ಹರ್2 2+, ಅಂದರೆ ಅನಿಶ್ಚಿತ, ಆದರೆ ಎರಡಕ್ಕೂ ಜೀನ್‌ನ ಪ್ರತಿಗಳನ್ನು ಎಣಿಸುವ ಫಿಶ್ ಪರೀಕ್ಷೆ. ನೋಡ್‌ನಲ್ಲಿನ ಕ್ಯಾನ್ಸರ್ 2 ಮಿ.ಮೀ.ಗಿಂತ ಚಿಕ್ಕದಾದರೆ ಈ ಆಸೆ ಹೆಚ್ಚಾಗಿ ಬಿಡಬೇಕಾಗುತ್ತದೆ, ಏಕೆಂದರೆ ಬ್ಲಾಕ್ ಕೊಯ್ಯುತ್ತ ಹೋದಂತೆ ಆ ಚುಕ್ಕೆಯೇ ಮುಗಿದುಹೋಗಬಹುದು.

2022ರಲ್ಲಿ ಟ್ರಾಸ್ಟುಜುಮಾಬ್ ಡೆರುಕ್ಸ್‌ಟೆಕಾನ್ ಎಂಬ ಔಷಧ, ಹರ್2 1+ ಇರುವ ಮುಂದುವರಿದ ರೋಗಕ್ಕೂ ಫಲ ಕೊಡುತ್ತದೆ ಎಂದು ಸಾಬೀತಾದ ಮೇಲೆ ಹಳೆಯ ಪ್ರಶ್ನೆ ಹೊಸದಾಗಿ ಎದ್ದಿದೆ. ಅದುವರೆಗೆ 0 ಮತ್ತು 1+ ಎರಡೂ ನೆಗೆಟಿವ್ ಗುಂಪಿನಲ್ಲೇ ಇದ್ದವು, ವ್ಯತ್ಯಾಸವನ್ನು ಯಾರೂ ಲೆಕ್ಕಿಸುತ್ತಿರಲಿಲ್ಲ. ಈಗ ಸ್ತನದಲ್ಲಿ 0, ನೋಡ್‌ನಲ್ಲಿ 1+ ಎಂಬುದೂ ಗಮನಿಸಬೇಕಾದ ಸಂಗತಿ. ಇಬ್ಬರು ಪ್ಯಾಥಾಲಜಿಸ್ಟ್‌ಗಳು ಒಂದೇ ಸ್ಲೈಡ್ ನೋಡಿದರೂ ಒಮ್ಮತಕ್ಕೆ ಬರಲು ಕಷ್ಟಪಡುವ ಗೆರೆಯೂ ಇದೇ.