ಹೀಟರ್ ಹಾಕಿದರೂ ಕಾಲು ಮರಗಟ್ಟುವುದೇಕೆ?

ಪ್ರಶ್ನೆ: ನಾವು ಜರ್ಮನಿಯಲ್ಲಿದ್ದೇವೆ. 1600 ಸಿಸಿ ಎಂಜಿನ್ನಿನ 1973ರ ಫೋಕ್ಸ್‌ವ್ಯಾಗನ್ ವ್ಯಾನ್ ಇದೆ. ಚಳಿಗಾಲದಲ್ಲಿ ಹೀಟರ್ ಲಿವರ್ ಪೂರ್ತಿ ಎಳೆದರೂ ಮುಂದೆ ಬೆಚ್ಚಗಾಗುವುದೇ ಇಲ್ಲ. ಬೇರೆ ಹೀಟರ್ ಕೂರಿಸಲೇಬೇಕಾ?

ಉತ್ತರ: ಈಗಲೇ ಬೇಡ. ಇರುವ ಬಿಸಿ ಎಲ್ಲಿ ಸೋರುತ್ತಿದೆ ಅಂತ ಮೊದಲು ನೋಡಿ.

ಈ ವ್ಯಾನ್‌ಗೆ ರೇಡಿಯೇಟರ್ ಇಲ್ಲ, ಬಿಸಿನೀರೂ ಇಲ್ಲ. ಎಂಜಿನ್ ಫ್ಯಾನ್ ಊದುವ ಗಾಳಿಯಲ್ಲಿ ಒಂದು ಪಾಲು, ಎಕ್ಸಾಸ್ಟ್ ಪೈಪಿನ ಸುತ್ತಲಿನ ತಗಡಿನ ಡಬ್ಬಿಯೊಳಗೆ ಹಾದು ಬಿಸಿಯಾಗುತ್ತದೆ. ಅದೇ ಹೀಟ್ ಎಕ್ಸ್‌ಚೇಂಜರ್, ಎಡಕ್ಕೊಂದು ಬಲಕ್ಕೊಂದು. ಅಲ್ಲಿಂದ ನೆಲದಡಿಯ ಪೈಪಿನಲ್ಲಿ ಮುಂದಿನ ಸೀಟಿನ ತನಕ ಬರಬೇಕು.

ಎಲ್ಲಕ್ಕಿಂತ ಮೊದಲು ತುಕ್ಕು ನೋಡಿ. ಒಳಗಿನ ಎಕ್ಸಾಸ್ಟ್ ಪೈಪ್ ತೂತಾಗಿದ್ದರೆ ಹೊಗೆ ಬಿಸಿಗಾಳಿಯ ಜೊತೆ ವ್ಯಾನಿನೊಳಗೆ ಬರುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಪ್ರಾಣಕ್ಕೇ ಕುತ್ತು. ಅನುಮಾನವಿದ್ದರೆ ರಿಪೇರಿ ಆಗುವ ತನಕ ಹೀಟರ್ ಹಾಕಲೇಬೇಡಿ. ಈ ಅನಿಲ ಬಂದರೆ ಕೂಗುವ ಅಲಾರಂ ಒಂದು ಯಾವಾಗಲೂ ಒಳಗಿರಲಿ.

ಆಮೇಲೆ ಎಂಜಿನ್ ಆಫ್ ಮಾಡಿ, ಪೈಪ್ ಪೂರ್ತಿ ಆರಿದ ಮೇಲೆ ಅಡಿಗೆ ಹೋಗಿ ಮಲಗಿ. ಮನೆಯವರೊಬ್ಬರು ಲಿವರ್ ಎಳೆಯಲಿ. ಎಕ್ಸ್‌ಚೇಂಜರ್ ಪಕ್ಕದಲ್ಲಿ ಬಿಸಿಗಾಳಿಯ ಬಾಗಿಲು ತೆರೆಯುವ ಪುಟ್ಟ ತೋಳು ಪೂರ್ತಿ ತಿರುಗಬೇಕು. ಅರ್ಧಕ್ಕೇ ನಿಂತರೆ ಕೇಬಲ್ ಸಡಿಲವಾಗಿದೆ, ಇಲ್ಲವೇ ತುಕ್ಕು ಹಿಡಿದಿದೆ. ಲಿವರ್ ಪೂರ್ತಿ ಬಂತಲ್ಲ ಅಂತ ಮೇಲೆ ಕೂತವರಿಗೆ ಅನ್ನಿಸುತ್ತದೆ, ಕೆಳಗೆ ಬಾಗಿಲೇ ತೆರೆದಿರುವುದಿಲ್ಲ! ಎಷ್ಟೋ ವ್ಯಾನ್‌ಗಳಲ್ಲಿ ಕಾಯಿಲೆ ಇಷ್ಟೇ.

ಫ್ಯಾನ್ ಕಡೆಯಿಂದ ಎಕ್ಸ್‌ಚೇಂಜರ್‌ಗೆ ಬರುವ ಸುಕ್ಕುಸುಕ್ಕಾದ ಹೋಸ್ ಹರಿದಿದ್ದರೆ ಬದಲಾಯಿಸಿ, ಖರ್ಚು ಕಡಿಮೆ. ನೆಲದಡಿಯ ಪೈಪಿನ ಹೊದಿಕೆ ಉದುರಿದ್ದರೆ ಶಾಖಕ್ಕೂ ನೀರಿಗೂ ತಡೆಯುವ ಹೊದಿಕೆ ಸುತ್ತಿಸಿ. ಬರಿಯ ಪೈಪಿನಲ್ಲಿ ಅಷ್ಟು ದೂರ ಬರುವಷ್ಟರಲ್ಲಿ ಗಾಳಿ ತಣ್ಣಗಾಗದೆ ಇರುತ್ತದಾ? ವ್ಯಾನಿನ ಬಾಗಿಲಿನ ರಬ್ಬರ್ ಕೂಡ ನೋಡಿಕೊಳ್ಳಿ. ಹಾಗಂತ ಎಲ್ಲಾ ಬಿಗಿಯಾಗಿ ಮುಚ್ಚಿದರೆ ಬಿಸಿಗಾಳಿ ಒಳಗೆ ನುಗ್ಗಲು ಜಾಗವೇ ಇರುವುದಿಲ್ಲ. ಹಿಂದಿನ ಕಿಟಕಿ ಒಂದು ಬೆರಳಷ್ಟು ತೆಗೆದಿಡಿ.

ಎಕ್ಸ್‌ಚೇಂಜರನ್ನೇ ಬದಲಾಯಿಸಬೇಕಾದರೆ ಹೊಸದರ ಒಳಗೆ ಟಾರ್ಚ್ ಬಿಟ್ಟು ನೋಡಿ, ಆಮೇಲೆ ಕೊಂಡುಕೊಳ್ಳಿ. ಪೈಪಿನ ಸುತ್ತ ಒತ್ತೊತ್ತಾಗಿ ರೆಕ್ಕೆಗಳಿದ್ದರೆ ಗಾಳಿ ಚೆನ್ನಾಗಿ ಕಾಯುತ್ತದೆ. ಅಗ್ಗದವುಗಳಲ್ಲಿ ಎಷ್ಟೋ ಸಲ ರೆಕ್ಕೆ ಕಡಿಮೆ ಇರುತ್ತದೆ.

ಇಷ್ಟಾದರೂ ಸಿಗ್ನಲ್ಲಿನಲ್ಲಿ ನಿಂತಾಗ ಬಿಸಿ ಇಳಿಯುತ್ತದೆ. ಎಂಜಿನ್ ನಿಧಾನವಾದರೆ ಫ್ಯಾನೂ ನಿಧಾನ, ಅಲ್ವಾ? ರಾತ್ರಿ ವ್ಯಾನಿನಲ್ಲೇ ಮಲಗುವವರಾದರೆ ಮಾತ್ರ ಪ್ರತ್ಯೇಕ ಪೆಟ್ರೋಲ್ ಅಥವಾ ಡೀಸೆಲ್ ಹೀಟರ್ ಬೇಕು. ಅದನ್ನು ತಿಳಿದವರ ಕೈಯಲ್ಲೇ ಕೂರಿಸಿ, ಅದರ ಹೊಗೆ ಪೈಪ್ ಕಿಟಕಿಯಿಂದ ದೂರ, ಹೊರಗೆ ಬಿಡಿಸಿ.