ದಾರ ಕಟ್ಟಿ ನೋಡಿದ ಬಿದಿರು

ಧಾರವಾಡದ ನಮ್ಮ ಹಿತ್ತಲಲ್ಲಿ ಬಿದಿರು ನೆಟ್ಟು ಮೂರನೇ ಮಳೆಗಾಲ. ಬುಡದಲ್ಲಿ ಒಂದು ಕಳಲೆ ಮೂಡಿತ್ತು. ಹೆಬ್ಬೆರಳು ಗಾತ್ರ, ಮೈ ತುಂಬ ಕಂದು ಸಿಪ್ಪೆ, ಸಿಪ್ಪೆಯ ಮೇಲೆ ಮುಟ್ಟಿದರೆ ಚುಚ್ಚುವ ಸಣ್ಣ ರೋಮ. ಎಷ್ಟು ದಪ್ಪ ಆಗುತ್ತದೆ ನೋಡೋಣ ಅಂತ ಬುಡಕ್ಕೆ ಒಂದು ದಾರ ಸುತ್ತಿ ಗಂಟು ಹಾಕಿದೆ. ದೀಪಾವಳಿ ಹೊತ್ತಿಗೆ ಗಳ ನಮ್ಮ ಮಾಳಿಗೆ ದಾಟಿತು. ದಾರ ಮಾತ್ರ ಬಿಗಿಯಾಗಲೇ ಇಲ್ಲ. ಸಿಪ್ಪೆ ಒಣಗಿದ ಮೇಲೆ ಸ್ವಲ್ಪ ಸಡಿಲವೇ ಆಗಿತ್ತು!

ಬಿದಿರು ಮರ ಅಲ್ಲ, ಹುಲ್ಲು. ಜೋಳ, ಕಬ್ಬಿನ ಬಳಗ. (1927ರ ಅರಣ್ಯ ಕಾಯ್ದೆ ಅದನ್ನು ಮರದ ಲೆಕ್ಕಕ್ಕೆ ಸೇರಿಸಿತ್ತು. ಕಾಡಿನ ಹೊರಗೆ ಬೆಳೆದ ಬಿದಿರನ್ನು ಆ ಪಟ್ಟಿಯಿಂದ ಬಿಡಿಸಲು 2017 ಬರಬೇಕಾಯಿತು.) ಬೇವು, ಮಾವು ತೊಗಟೆಯ ಒಳಗೆ ಪದರ ಕಟ್ಟಿಕೊಳ್ಳುತ್ತ ವರ್ಷ ವರ್ಷ ದಪ್ಪ ಆಗುತ್ತವೆ. ಬಿದಿರಿಗೆ ಆ ಏರ್ಪಾಡೇ ಇಲ್ಲ. ಗಳ ಎಷ್ಟು ದಪ್ಪ ಬರಬೇಕು ಅನ್ನೋದು ಮಣ್ಣೊಳಗೇ ತೀರ್ಮಾನ ಆಗಿರುತ್ತದೆ. ಗಣ್ಣುಗಳೂ ಮೊಳಕೆಯಲ್ಲೇ ಒತ್ತೊತ್ತಾಗಿ ಕೂತಿರುತ್ತವೆ. ಮಳೆ ಬಿದ್ದ ಮೇಲೆ ಹಳೆ ರೇಡಿಯೋದ ಏರಿಯಲ್ ಎಳೆದ ಹಾಗೆ ಗಣ್ಣು ಗಣ್ಣಿನ ನಡುವೆ ಉದ್ದ ಆಗುತ್ತದೆ. ಮೂರ್ನಾಲ್ಕು ತಿಂಗಳಲ್ಲಿ ಎತ್ತರದ ಕೆಲಸ ಮುಗಿಯಿತು. ಮುಂದಿನ ಎರಡು ಮೂರು ವರ್ಷ ಗಟ್ಟಿಯಾಗೋದಕ್ಕೆ.

ಎಲೆಯೇ ಇಲ್ಲದ ಕಳಲೆಗೆ ಇಷ್ಟು ಬೆಳೆಯಲು ಊಟ ಎಲ್ಲಿಂದ? ಹಳೆ ಗಳಗಳು ದುಡಿದು ತಮ್ಮ ಮೈಯಲ್ಲಿ, ನೆಲದೊಳಗಿನ ಗಡ್ಡೆಯಲ್ಲಿ ಕೂಡಿಟ್ಟ ಗಂಟಿನಿಂದ. ಇದು ಗೊತ್ತಿಲ್ಲದೆ ನಾನು ಎರಡನೇ ವರ್ಷ ಒಂದು ತಪ್ಪು ಮಾಡಿದೆ. ಬಂದ ಗಳಗಳೆಲ್ಲ ಪೆನ್ಸಿಲ್ ಗಾತ್ರ ಇದ್ದವು. ಇವು ಸುಮ್ನೆ ಯಾಕೆ ಅಂತ ಅರ್ಧಕ್ಕರ್ಧ ಕತ್ತರಿಸಿ ಒಗೆದುಬಿಟ್ಟೆ. ಮನೆಯಲ್ಲಿ ದುಡಿಯುವವರನ್ನೇ ಹೊರಗೆ ಹಾಕಿದ ಹಾಗಾಯಿತು. ಮೂರನೇ ವರ್ಷದ್ದು ಹೆಬ್ಬೆರಳಿಗೇ ನಿಂತಿದ್ದರಲ್ಲಿ ಇದರ ಪಾಲೂ ಇದೆ ಅಂತ ನನ್ನ ಲೆಕ್ಕ.

ನಮ್ಮ ನೆಲದ್ದೇ ಆದ ಬಿದಿರಲ್ಲಿ ಹೆಬ್ಬಿದಿರು ಮನೆ ಹಿತ್ತಲಿಗೆ ಬೇಡವೇ ಬೇಡ. ಮೈಯೆಲ್ಲ ಮುಳ್ಳು. ಕಿರುಬಿದಿರು ಗದಗಿನಂಥ ಒಣ ಸೀಮೆಗೂ ತಡೆಯುತ್ತದೆ. ನೀರು ಕಡಿಮೆ ಇದ್ದಲ್ಲಿ ಗಳ ಒಳಗೆ ಇನ್ನೂ ಗಟ್ಟಿ. ಬೇಸಿಗೆಯಲ್ಲಿ ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತದೆ, ಸತ್ತಿತು ಅಂತ ಕೀಳಬೇಡಿ. ನಾನು ನೆಟ್ಟಿದ್ದು ಮಾರಿಹಾಳ ಬಿದಿರು. ಪಶ್ಚಿಮ ಘಟ್ಟದ್ದು, ಮುಳ್ಳಿಲ್ಲ, ಟೊಳ್ಳೂ ಕಡಿಮೆ. ಬೀಜ ಕಟ್ಟುವ ಗೋಜಿಗೆ ಹೋಗುವುದಿಲ್ಲ, ಹಾಗಾಗಿ ತುಂಡು ನೆಟ್ಟೇ ಸಸಿ ಮಾಡಬೇಕು. ಹೆಬ್ಬಿದಿರಿನಂಥವು ಹಲವು ದಶಕಕ್ಕೊಮ್ಮೆ ಒಟ್ಟಿಗೆ ಹೂ ಬಿಟ್ಟು ಬೀಜ ಉದುರಿಸಿ ಸಾಯುತ್ತವೆ. ಅಂಥ ಹಳೆ ಮೆಳೆಯಿಂದ ಗಡ್ಡೆ ತಂದರೆ ಅದರ ವಯಸ್ಸೂ ಜೊತೆಗೇ ಬರುತ್ತದೆ. ನಿಮಗದು ಹೊಸ ಗಿಡ, ಅದಕ್ಕಲ್ಲ.

ಪಕ್ಕದ ಮನೆ ಕಾಕಾ ಬಂದು, “ಇದರ ಬೇರು ನಮ್ಮ ಗ್ವಾಡಿ ಒಡೀತಾವ ನೋಡ್ರಿ” ಅಂದರು. ಚೀನಾ, ಜಪಾನ್ ಕಡೆಯ ಕೆಲವು ಬಿದಿರುಗಳು ನೆಲದೊಳಗೆ ದೂರ ದೂರ ಓಡಿ ಎಲ್ಲೋ ಏಳುತ್ತವೆ. ನಮ್ಮವು ಹಾಗಲ್ಲ, ಒಂದೇ ಕಡೆ ಮೆಳೆ ಕಟ್ಟುತ್ತವೆ. ಆದರೂ ಮೆಳೆ ಅಗಲ ಆಗುತ್ತಲೇ ಹೋಗುತ್ತದೆ. ಗೋಡೆಯಿಂದ ಎಂಟು ಹತ್ತು ಅಡಿ ಬಿಟ್ಟು ನೆಟ್ಟರೆ ಕಾಕಾನ ಜೊತೆ ಚಹಾ ಕುಡಿಯೋದು ತಪ್ಪುವುದಿಲ್ಲ.

ಬಿದಿರಿಗೆ ಮಸಾರಿ, ಅಂದರೆ ಕೆಂಪು ಮಣ್ಣು ಸಲೀಸು. ಎರಿ, ಅಂದರೆ ಕಪ್ಪು ಮಣ್ಣಲ್ಲಿ ಗುಂಡಿ ತೋಡಿದರೆ ಮಳೆಗೆ ಅದು ಬಾವಿ ಆಗುತ್ತದೆ, ನೀರು ನಿಂತರೆ ಗಡ್ಡೆ ಕೊಳೆಯುತ್ತದೆ. ಅಲ್ಲಿ ಮಸಾರಿ ಮಣ್ಣು, ತಿಪ್ಪೆಗೊಬ್ಬರ ಕಲಸಿ ದಿಬ್ಬ ಮಾಡಿ ಅದರ ಮೇಲೆ ನೆಡಿ. ಮುಂದೆ ವರ್ಷಕ್ಕೊಮ್ಮೆ, ಮಳೆಗೆ ಮುಂಚೆ ಬುಡಕ್ಕೆ ಮಣ್ಣು ಏರಿಸಿ. ಉದುರಿದ ಎಲೆ ಗುಡಿಸಿ ಸುಡಬೇಡಿ, ಬುಡಕ್ಕೇ ಬಿಡಿ. ಬೇಸಿಗೆಯಲ್ಲಿ ಎರಿ ಬಿರಿಯೋದು ಕಡಿಮೆ ಆಗುತ್ತದೆ. ಆ ಎಲೆಯಲ್ಲಿರುವ ಸಿಲಿಕಾ (ಮರಳಿನಲ್ಲಿರುವಂಥ ಖನಿಜ) ಮತ್ತೆ ಬಿದಿರಿಗೇ ಸಿಗುತ್ತದೆ.

ಕಡಿಯುವ ವಿಚಾರಕ್ಕೆ ವಯಸ್ಸು ಗೊತ್ತಿರಬೇಕು, ಅಲ್ವಾ? ಒಂದು ವರ್ಷದ ಗಳ ಹಸಿರಾಗಿ, ಮೇಲೆ ವಿಭೂತಿ ಸವರಿದ ಹಾಗೆ ಬಿಳಿ ಪುಡಿ ಹೊತ್ತು ನಿಂತಿರುತ್ತದೆ. ಮೂರು ದಾಟಿದ್ದು ಮಂಕಾಗಿ, ಅಲ್ಲಲ್ಲಿ ಪಾಚಿಯ ಕಲೆ ಹಿಡಿದಿರುತ್ತದೆ. ಅದನ್ನೇ ಕಡಿಯಿರಿ, ಚಳಿಗಾಲದಲ್ಲಿ. ಕಡಿದ ಗಳದಲ್ಲಿ ಪಿಷ್ಟ ಜಾಸ್ತಿ ಇದ್ದರೆ ಕುಟ್ಟೆ ಹುಳಕ್ಕೆ ಹಬ್ಬ. ಒಂದು ಗಣ್ಣಿನ ಮೇಲಕ್ಕೆ ಒತ್ತಿ ಕತ್ತರಿಸಿ. ಟೊಳ್ಳು ಬಿದಿರಲ್ಲಿ ಗಣ್ಣು ಬಿಟ್ಟು ಮೇಲೆ ಕಡಿದರೆ ಅದು ಬಟ್ಟಲಾಗಿ ನೀರು ನಿಂತು ಕೊಳೆಯುತ್ತದೆ, ಸೊಳ್ಳೆಗೂ ಮನೆಯಾಗುತ್ತದೆ.

ಆ ದಾರ ಬಿಚ್ಚಿ ಇಟ್ಟುಕೊಂಡಿದ್ದೆ. ಆಮೇಲೆ ಎರಡು ವರ್ಷ ಮೆಳೆಗೆ ಕತ್ತಿ ಮುಟ್ಟಿಸಲಿಲ್ಲ. ಈ ಮಳೆಗಾಲದಲ್ಲಿ ಬಂದ ಕಳಲೆಗೆ ಅದೇ ದಾರ ಸುತ್ತಲು ಹೋದೆ. ತುದಿಗೆ ತುದಿ ಮುಟ್ಟಲಿಲ್ಲ.