ಓದುಗರ ಪ್ರಶ್ನೆಗೆ ಉತ್ತರ: ವಿಯೆಟ್ನಾಂ ಯುದ್ಧದ ಲಾಟರಿಯಲ್ಲಿ ಎಲ್ಲರ ಅದೃಷ್ಟವೂ ಒಂದೇ ಆಗಿತ್ತೇ?

ಪ್ರಶ್ನೆ: ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕ ಚೀಟಿ ಎತ್ತಿ ಹುಡುಗರನ್ನು ಸೈನ್ಯಕ್ಕೆ ಸೇರಿಸಿಕೊಂಡಿತಂತೆ. ಶ್ರೀಮಂತನ ಮಗನಿಗೂ ಬಡವನ ಮಗನಿಗೂ ಒಂದೇ ಅದೃಷ್ಟ. ಕಡ್ಡಾಯ ಸೇವೆಗೆ ಇದಕ್ಕಿಂತ ನ್ಯಾಯವಾದ ದಾರಿ ಇದೆಯೇ?

ಉತ್ತರ: ಚೀಟಿ ಎತ್ತಿದ್ದು ನಿಜ, ಒಂದೇ ಅದೃಷ್ಟ ಅನ್ನುವುದು ಸುಳ್ಳು. ಕಡ್ಡಾಯ ಸೈನಿಕ ಸೇವೆಯ ಚರ್ಚೆ ಎಲ್ಲಿ ಎದ್ದರೂ ಯಾರಾದರೊಬ್ಬರು ಈ ಉದಾಹರಣೆ ಹಿಡಿದು ಬರುತ್ತಾರೆ. ಹಾಗಾಗಿ ಈ ಸಲ ಪೆಟ್ಟಿಗೆಯನ್ನೇ ಬಿಚ್ಚಿ ನೋಡೋಣ.

ಡ್ರಾ ನಡೆದದ್ದು 1969ರ ಡಿಸೆಂಬರ್ 1ರಂದು, 1944ರಿಂದ 1950ರ ನಡುವೆ ಹುಟ್ಟಿದ ಗಂಡುಮಕ್ಕಳಿಗಾಗಿ. ಫೆಬ್ರುವರಿ 29 ಸೇರಿ 366 ತಾರೀಖು, 366 ನೀಲಿ ಪ್ಲಾಸ್ಟಿಕ್ ಕ್ಯಾಪ್ಸೂಲ್, ಒಂದೊಂದರಲ್ಲಿ ಒಂದು ಹುಟ್ಟಿದ ತಾರೀಖಿನ ಚೀಟಿ. ಯಾವ ತಾರೀಖು ಮೊದಲು ಬಂತೋ ಅದಕ್ಕೆ ಮೊದಲ ನಂಬರ್. ಎಡವಟ್ಟಾದದ್ದು ತುಂಬುವಾಗ. ಜನವರಿಯ 31 ಕ್ಯಾಪ್ಸೂಲ್‌ಗಳನ್ನು ಮರದ ಪೆಟ್ಟಿಗೆಗೆ ಹಾಕಿ, ರಟ್ಟಿನಿಂದ ಒಂದು ಬದಿಗೆ ತಳ್ಳಿದರು. ಖಾಲಿ ಜಾಗಕ್ಕೆ ಫೆಬ್ರುವರಿಯ 29 ಸುರಿದು, ಅದೇ ರಟ್ಟಿನಿಂದ ಜನವರಿಯ ಜೊತೆ ಸೇರಿಸಿದರು. ಹೀಗೇ ಕೊನೆಯ ತಿಂಗಳವರೆಗೆ. ನೀವೇ ಎಣಿಸಿ: ಜನವರಿ 11 ಸಲ ಕಲೆತಿತು, ಡಿಸೆಂಬರ್ ಒಂದೇ ಸಲ. ಆಮೇಲೆ ಪೆಟ್ಟಿಗೆಯನ್ನು ಒಂದಿಷ್ಟು ಕುಲುಕಿ ಗಾಜಿನ ಪಾತ್ರೆಗೆ ಸುರಿದರು. ಸರಿಯಾಗಿ ಕಲೆಯದ ಕೊನೆಯ ತಿಂಗಳುಗಳು ಹೆಚ್ಚಾಗಿ ಮೇಲೆಯೇ ಉಳಿದವು, ಎತ್ತುವ ಕೈ ಹೆಚ್ಚಾಗಿ ಮೇಲಿರುವುದನ್ನೇ ಎತ್ತುತ್ತದೆ. ಇಸ್ಪೀಟೆಲೆ ಕಲಸಿದವರಿಗೆ ಇಷ್ಟು ಹೇಳಿದರೆ ಸಾಕು.

ಮೊದಲು ಬಂದದ್ದು ಸೆಪ್ಟೆಂಬರ್ 14. ಆ ದಿನ ಹುಟ್ಟಿದವರಿಗೆ 1ನೇ ನಂಬರ್, ಅಂದರೆ ಮೊದಲ ಕರೆ. ಸರಿಯಾಗಿ ಕಲೆತಿದ್ದರೆ ಪ್ರತಿ ತಿಂಗಳ ನಂಬರ್‌ಗಳ ಸರಾಸರಿ 183.5ರ ಆಸುಪಾಸಿನಲ್ಲಿರಬೇಕಿತ್ತು. ಜನವರಿಯದು 201.2, ಡಿಸೆಂಬರ್‌ನದು 121.5! ಡಿಸೆಂಬರ್‌ನ 31 ದಿನಗಳಲ್ಲಿ 26 ದಿನಗಳಿಗೆ ಸಿಕ್ಕಿದ್ದು 183ರೊಳಗಿನ ನಂಬರ್. ವರ್ಷದ ಕೊನೆಯಲ್ಲಿ ಹುಟ್ಟಿದ್ದೇ ತಪ್ಪಾಯಿತು. ಸಂಖ್ಯಾಶಾಸ್ತ್ರಜ್ಞರು ಗದ್ದಲ ಎಬ್ಬಿಸಿದ ಮೇಲೆ 1970ರ ಜುಲೈ ಡ್ರಾದಲ್ಲಿ ಎರಡು ಡ್ರಮ್ ಇಟ್ಟರು: ಒಂದರಿಂದ ತಾರೀಖು, ಇನ್ನೊಂದರಿಂದ ನಂಬರ್. ಹಳೆಯ ಡ್ರಾವನ್ನು ಮಾತ್ರ ರದ್ದು ಮಾಡಲಿಲ್ಲ.

ಇದು ಸಣ್ಣ ಅನ್ಯಾಯ. ದೊಡ್ಡದು ಪಾತ್ರೆಯ ಹೊರಗಿತ್ತು. ಲಾಟರಿ ನಿರ್ಧರಿಸಿದ್ದು ಸಾಲಿನಲ್ಲಿ ಯಾರು ಮುಂದೆ, ಯಾರು ಹಿಂದೆ ಎಂಬುದನ್ನಷ್ಟೇ. ಸಾಲಿಗೆ ಯಾರು ಬರಬೇಕು ಎಂದು ತೀರ್ಮಾನಿಸುತ್ತಿದ್ದವು ಊರೂರಿನ ಸುಮಾರು 4,000 ಸ್ಥಳೀಯ ಮಂಡಳಿಗಳು. ಅವು ಪ್ರತಿಯೊಬ್ಬನಿಗೂ ಒಂದು ವರ್ಗ ಕೊಡುತ್ತಿದ್ದವು. 1-ಎ ಅಂದರೆ ಕರೆದ ತಕ್ಷಣ ಹೊರಡಬೇಕು. 2-ಎಸ್ ಅಂದರೆ ಕಾಲೇಜು ವಿದ್ಯಾರ್ಥಿ, ಓದು ಮುಗಿಯಲಿ. 4-ಎಫ್ ಅಂದರೆ ಅನರ್ಹ. 1ನೇ ನಂಬರ್ ಬಂದರೂ 2-ಎಸ್ ಕೈಯಲ್ಲಿದ್ದವನು ತರಗತಿಯಲ್ಲೇ ಕೂತಿರಬಹುದಿತ್ತು. ಕಾರ್ಖಾನೆಗೆ ಹೋಗುತ್ತಿದ್ದ ಓರಗೆಯವನು 150ನೇ ನಂಬರ್ ಬಂದರೂ ಮೂಟೆ ಕಟ್ಟಬೇಕಿತ್ತು. ಹೊಸದಾಗಿ ಕಾಲೇಜು ಸೇರುವವರಿಗೆ 2-ಎಸ್ ನಿಂತದ್ದು 1971ರಲ್ಲಿ. ಆ ಮೊದಲ ಡ್ರಾದಲ್ಲಿ ಕರೆ ಹೋದದ್ದು 195ನೇ ನಂಬರ್‌ವರೆಗೆ ಮಾತ್ರ. ಕಡಿಮೆ ನಂಬರ್ ಬಂದ ಎಷ್ಟೋ ಮಂದಿ ಕರೆಗೆ ಕಾಯದೆ ತಾವಾಗಿಯೇ ನೌಕಾಪಡೆಗೋ ವಾಯುಪಡೆಗೋ ಸೇರಿದರು. ಇವರು ಸ್ವಯಂಸೇವಕರ ಲೆಕ್ಕಕ್ಕೆ ಹೋದರು. ಆ ಲೆಕ್ಕವನ್ನು ನೋಡುವಾಗ ಇದು ನೆನಪಿರಲಿ.

ಪ್ರಜಾಪ್ರಭುತ್ವದ ಜಗಳ ಇಲ್ಲಿಂದ ಬೇರೆ ದಿಕ್ಕಿಗೆ ಹೊರಳಿತು. ಬಂದೂಕು ಹಿಡಿಯಲು 18 ಸಾಕು, ಮತ ಹಾಕಲು 21 ಯಾಕೆ ಎಂಬ ಪ್ರಶ್ನೆ, ಮತದಾನದ ವಯಸ್ಸನ್ನು 18ಕ್ಕೆ ಇಳಿಸಿದ 1971ರ ಸಂವಿಧಾನದ 26ನೇ ತಿದ್ದುಪಡಿಗೆ ದಾರಿಯಾಯಿತು. ಸ್ವಯಂಪ್ರೇರಿತ ಸೈನ್ಯವೇ ಸಾಕು ಎಂದು ಸರ್ಕಾರವೇ ನೇಮಿಸಿದ್ದ ಗೇಟ್ಸ್ ಆಯೋಗ 1970ರಲ್ಲೇ ವರದಿ ಕೊಟ್ಟಿತ್ತು. ಹಾಗಾದರೆ ಬಡವರ ಮಕ್ಕಳೇ ಸಂಬಳಕ್ಕಾಗಿ ಸೇರುತ್ತಾರಲ್ಲ ಎಂಬ ಆಕ್ಷೇಪ ಆಗಲೂ ಇತ್ತು, ಈಗಲೂ ಇದೆ, ಅದು ತಳ್ಳಿಹಾಕುವಂಥದ್ದಲ್ಲ. 1973ರಲ್ಲಿ ಕಡ್ಡಾಯ ಸೇರ್ಪಡೆ ನಿಂತಿತು.

ಸೇರ್ಪಡೆ ನಿಂತಿತು, ಪಟ್ಟಿ ನಿಂತಿಲ್ಲ. ಯಾರೂ ಕೇಳದಿದ್ದರೂ ಅಮೆರಿಕದಲ್ಲಿರುವ ನಮ್ಮವರಿಗೆ ಇದನ್ನು ಹೇಳಲೇಬೇಕು. 1980ರಲ್ಲಿ ಮತ್ತೆ ಶುರುವಾದ ಸೆಲೆಕ್ಟಿವ್ ಸರ್ವಿಸ್ ಪಟ್ಟಿಯಲ್ಲಿ, ಅಂದರೆ ಅಗತ್ಯ ಬಿದ್ದರೆ ಸೈನ್ಯಕ್ಕೆ ಕರೆಯಬಹುದಾದವರ ಪಟ್ಟಿಯಲ್ಲಿ, 18ರಿಂದ 25 ವಯಸ್ಸಿನ ಗಂಡುಮಕ್ಕಳ ಹೆಸರಿರಬೇಕು, ಗ್ರೀನ್ ಕಾರ್ಡ್ ಇರುವವರದೂ ಸೇರಿ. "ನಾವಿನ್ನೂ ಸಿಟಿಜನ್ ಆಗಿಲ್ಲವಲ್ಲ" ಎಂಬ ಸಬೂಬು ನಡೆಯುವುದಿಲ್ಲ. 26 ತುಂಬಿದ ಮೇಲೆ ಹೆಸರು ಸೇರಿಸಲು ಬರುವುದಿಲ್ಲ, ಆದರೆ ಪೌರತ್ವದ ಅರ್ಜಿಯಲ್ಲಿ ಹೆಸರು ಸೇರಿಸಿದ್ದೀರಾ ಎಂಬ ಪ್ರಶ್ನೆ ಇದ್ದೇ ಇದೆ. ಎಫ್-1 (ವಿದ್ಯಾರ್ಥಿ), ಎಚ್-1ಬಿಯಂಥ (ಉದ್ಯೋಗ) ವೀಸಾದಲ್ಲೇ ಆ ವಯಸ್ಸು ಕಳೆದವರಿಗೆ ವಿನಾಯಿತಿ ಉಂಟು. ಆದರೆ ಅದನ್ನು ತೋರಿಸಲು ಆಗಿನ ವೀಸಾ, ಐ-94 (ದೇಶದೊಳಗೆ ಬಂದ ದಾಖಲೆ), ಐ-20 (ಕಾಲೇಜು ಕೊಡುವ ಪತ್ರ) ಬೇಕಾಗಬಹುದು. ಮನೆ ಬದಲಿಸುವಾಗ ಆ ಕಾಗದಗಳನ್ನು ಬಿಸಾಡಬೇಡಿ.